ಪ್ರವಾಸ ಪ್ರಶ್ನೋತ್ತರ: ಗೋಲ್ಡನ್ ಗೇಟ್ ಸೇತುವೆಗೆ ಹೊರಟವರಿಗೆ

ಪ್ರಶ್ನೆ: ಜುಲೈನಲ್ಲಿ ಮಗನ ಮನೆಗೆಂದು ಅಮೆರಿಕದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಹೊರಟಿದ್ದೇವೆ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಗೋಲ್ಡನ್ ಗೇಟ್ ಸೇತುವೆಗೆ ಒಂದು ದಿನ ಇಟ್ಟುಕೊಂಡಿದ್ದೇವೆ. ಬೇಸಿಗೆಯಲ್ಲವೇ, ಸ್ವೆಟರ್ ಯಾಕೆ ಹೊರಬೇಕು ಅಂತ ನಮ್ಮ ಯಜಮಾನರ ವಾದ. ಏನು ಹೇಳುತ್ತೀರಿ?
– ಹಾಸನದ ಓದುಗರು

ಉತ್ತರ: ಸ್ವೆಟರ್ ಬೇಕೇ ಬೇಕು. ಅದರ ಮೇಲೆ ಗಾಳಿ ತಡೆಯುವ ಜಾಕೆಟ್ ಒಂದಿದ್ದರೆ ಇನ್ನೂ ಒಳ್ಳೆಯದು. ಆ ಕರಾವಳಿಯ ಕಡಲ ನೀರು ಬೇಸಿಗೆಯಲ್ಲೂ ತಣ್ಣಗೇ ಇರುತ್ತದೆ. ಅದರ ಮೇಲೆ ಹಾಯ್ದು ಬರುವ ತೇವದ ಗಾಳಿ ತಣಿದು ಮಂಜಾಗುತ್ತದೆ. ಅತ್ತ ಒಳನಾಡಿನ ಬಯಲು ಕಾದು ಅಲ್ಲಿನ ಗಾಳಿ ಮೇಲೇರಿದಂತೆ, ಕಡಲ ಕಡೆಯ ಗಾಳಿ ಒಳಕ್ಕೆ ನುಗ್ಗುತ್ತದೆ. ಬೆಟ್ಟಸಾಲಿನ ನಡುವೆ ಸಮುದ್ರಮಟ್ಟಕ್ಕೇ ತೆರೆದಿರುವ ಕಿಂಡಿ ಈ ಗೋಲ್ಡನ್ ಗೇಟ್ ಜಲಸಂಧಿ. ಮಂಜು ನುಗ್ಗುವುದು ಅಲ್ಲಿಂದಲೇ, ಸೇತುವೆ ನಿಂತಿರುವುದೂ ಆ ಬಾಯಲ್ಲೇ. ಒಳನಾಡು ಹೆಚ್ಚು ಕಾದಷ್ಟೂ ಸೇತುವೆಯ ಮೇಲೆ ಮಂಜು ಜಾಸ್ತಿ. ಸನ್ನಿವೇಲ್‌ನಲ್ಲಿ ಅಂಗಿ ಬೆವರಿಗೆ ಅಂಟುವ ದಿನವೇ ಇಲ್ಲಿ ಹಲ್ಲು ಕಟಕಟ ಎನ್ನಬಹುದು.

ದಿನವನ್ನು ಮಾತ್ರ ಮೊದಲೇ ಗೊತ್ತು ಮಾಡಬೇಡಿ. ಎರಡು ಮೂರು ದಿನ ಬಿಡುವಿಟ್ಟುಕೊಂಡು, ಹೊರಡುವ ಮುನ್ನ ಸೇತುವೆಯತ್ತ ಮುಖ ಮಾಡಿದ ಕ್ಯಾಮೆರಾಗಳ ನೇರ ಚಿತ್ರವನ್ನು ಫೋನಿನಲ್ಲಿ ನೋಡಿ. ಬೆಳಿಗ್ಗೆ ಕವಿದದ್ದು ಎಷ್ಟೋ ಸಲ ಮಧ್ಯಾಹ್ನದ ಹೊತ್ತಿಗೆ ಕರಗಿ, ಸಂಜೆ ಮತ್ತೆ ಬರುತ್ತದೆ. ಗೋಪುರಗಳು ನೀರಿನಿಂದ 227 ಮೀಟರ್ ಎತ್ತರ, ರಸ್ತೆ ಸುಮಾರು 67 ಮೀಟರ್. ಮಂಜು ಕೆಳಗೇ ಹಾಸಿಕೊಂಡಿದ್ದರೆ ಬೇಸರಪಡಬೇಡಿ: ಉತ್ತರದ ಗುಡ್ಡದ ಮೇಲಿನ ಹಳೆಯ ಫಿರಂಗಿ ನೆಲೆ ಬ್ಯಾಟರಿ ಸ್ಪೆನ್ಸರ್‌ಗೆ ಹೋದರೆ ಬಿಳಿ ಹಾಸಿನಿಂದ ಗೋಪುರದ ತುದಿಗಳಷ್ಟೇ ಮೇಲೆದ್ದಿರುವುದು ಕಾಣುತ್ತದೆ. ತಿಳಿ ಆಕಾಶವೇ ಬೇಕೆಂದರೆ ಸೆಪ್ಟೆಂಬರ್, ಅಕ್ಟೋಬರ್ ವಾಸಿ.

ಪ್ರಶ್ನೆ: ನನಗೆ ಮಂಡಿನೋವು. ಪೂರ್ತಿ ನಡೆಯದಿದ್ದರೆ ಹೋದದ್ದು ದಂಡವೇ?
– ಶಿವಮೊಗ್ಗದ ಓದುಗರು

ಉತ್ತರ: ಖಂಡಿತ ಇಲ್ಲ. ಸೇತುವೆ ಒಟ್ಟು 2.7 ಕಿಲೋಮೀಟರ್, ಹೋಗಿಬರುವುದಕ್ಕೆ ಐದೂವರೆ ಆಗುತ್ತದೆ, ಫೋಟೋ ಹಿಡಿಯುತ್ತ ನಡೆದರೆ ಎರಡು ಗಂಟೆ. ನಮ್ಮ ಮಾತು ಕೇಳುವುದಾದರೆ ನಗರದ ಕಡೆಯಿಂದ ಹೊರಟು ಮೊದಲ ಗೋಪುರ, ಅಂದರೆ ದಕ್ಷಿಣ ಗೋಪುರದವರೆಗೆ ಹೋಗಿ ವಾಪಸಾಗಿ. ನಿಧಾನವಾಗಿ ನಡೆದರೂ ಕಾಲು ಗಂಟೆ ಸಾಕು. ನೋಡಬೇಕಾದ್ದು ಮುಕ್ಕಾಲು ಪಾಲು ಇಷ್ಟರಲ್ಲೇ ಇದೆ. ಕಾಲುದಾರಿ ಅಲ್ಲಿ ಗೋಪುರದ ಕಾಲನ್ನು ಬಳಸಿಕೊಂಡು ಹೊರಕ್ಕೆ ಉಬ್ಬುತ್ತದೆ. ನಿಂತು ಉಕ್ಕನ್ನು ಮುಟ್ಟಿ ನೋಡಿ: ಕೆಂಗಿತ್ತಳೆ ಬಣ್ಣದ ದಪ್ಪ ಪದರದ ಅಡಿಯಲ್ಲಿ ಸಾಲುಸಾಲು ರಿವೆಟ್ ತಲೆಗಳು ಅಂಗೈಗೆ ಸಿಗುತ್ತವೆ. ಬಸ್ಸು ಹಾದಾಗ ಪಾದದಡಿ ಸಣ್ಣಗೆ ನಡುಗುತ್ತದೆ. ಹೆದರಬೇಡಿ, ತೂಗುಸೇತುವೆ ಅಲುಗಾಡದಿದ್ದರೇ ತೊಂದರೆ. ಗೋಪುರದ ಮೂಲೆ ತಿರುಗುವಾಗ ಮಾತ್ರ ಗಾಳಿ ಒಮ್ಮೆಲೇ ಹೊಡೆಯುತ್ತದೆ, ಟೊಪ್ಪಿಗೆ, ಸೆರಗು, ಫೋನು ಎಲ್ಲ ಭದ್ರವಾಗಿರಲಿ.

ನಡೆಯುವವರಿಗೆ ಪೂರ್ವದ, ಅಂದರೆ ನಗರ ಕಾಣುವ ಬದಿಯ ಕಾಲುದಾರಿ ಮಾತ್ರ. ಬೆಳಿಗ್ಗೆ 5ಕ್ಕೆ ತೆರೆಯುತ್ತದೆ. ಮಾರ್ಚಿಯಿಂದ ನವೆಂಬರ್ ಮೊದಲ ಭಾನುವಾರದವರೆಗೆ ರಾತ್ರಿ 9ಕ್ಕೆ, ಉಳಿದ ತಿಂಗಳು ಸಂಜೆ 6.30ಕ್ಕೇ ಗೇಟು ಹಾಕುತ್ತಾರೆ. ಚಳಿಗಾಲದಲ್ಲಿ ದೀಪ ಹತ್ತಿದ ಮೇಲೆ ನಡೆಯೋಣ ಎಂದುಕೊಂಡವರು ಮೋಸ ಹೋಗುವುದು ಇಲ್ಲೇ. ಗಾಲಿಕುರ್ಚಿಗೆ ಅಡ್ಡಿಯಿಲ್ಲ. ಶೌಚಾಲಯ ಎರಡು ತುದಿಗಳಲ್ಲಿ ಮಾತ್ರ, ನಡುವೆ ಎಲ್ಲೂ ಇಲ್ಲ. ಕೆಲಸದ ದಿನಗಳಲ್ಲಿ ಮಧ್ಯಾಹ್ನ 3.30ರವರೆಗೆ ಸೈಕಲ್ಲಿನವರೂ ಇದೇ ದಾರಿಯಲ್ಲಿ ಬರುತ್ತಾರೆ. ಪಕ್ಕದಲ್ಲೇ ಆರು ಸಾಲು ವಾಹನಗಳ ಸದ್ದು, ಬೆಲ್ ಕೇಳಿಸುವುದಿಲ್ಲ. ಫೋಟೋಕ್ಕೆಂದು ಹಿಂದೆ ಹಿಂದೆ ಹೆಜ್ಜೆ ಇಡಬೇಡಿ.

ಹೊರಡುವ ಮುನ್ನ ಸ್ವಾಗತ ಕೇಂದ್ರದ ಬಯಲಲ್ಲಿಟ್ಟಿರುವ ಮುಖ್ಯ ಕೇಬಲ್ಲಿನ ತುಂಡನ್ನು ನೋಡಿ. ಅಡ್ಡಳತೆ 92 ಸೆಂಟಿಮೀಟರ್, ಒಳಗೆ ಒತ್ತಿ ಕಟ್ಟಿದ 27,572 ತಂತಿಗಳು. ಒಂದೊಂದೂ ಪೆನ್ಸಿಲ್ಲಿಗಿಂತ ಸಣ್ಣ. ಇದನ್ನು ನೋಡಿಕೊಂಡು ಹೋದವರಿಗೆ ಮೇಲೆ ತೂಗುವ ಕೇಬಲ್ ಬೇರೆಯೇ ಆಗಿ ಕಾಣುತ್ತದೆ.

ಪ್ರಶ್ನೆ: ಬಾಡಿಗೆ ಕಾರಿನಲ್ಲಿ ಹೋಗುತ್ತೇವೆ. ಟೋಲ್ ಎಲ್ಲಿ ಕಟ್ಟಬೇಕು?
– ಮಂಗಳೂರಿನ ಓದುಗರು

ಉತ್ತರ: ಕಟ್ಟಲು ಗೂಡೂ ಇಲ್ಲ, ಆಳೂ ಇಲ್ಲ. 2013ರ ಮಾರ್ಚಿಯಿಂದ ನಗದು ನಿಂತಿದೆ. ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ. ಟೋಲ್ ದಕ್ಷಿಣಕ್ಕೆ, ಅಂದರೆ ನಗರದೊಳಕ್ಕೆ ಬರುವಾಗ ಮಾತ್ರ. ಕಾರಿಗೆ ಸುಮಾರು 10 ಡಾಲರ್. ಸುಮ್ಮನಿದ್ದರೆ ಬಿಲ್ಲು ಬಾಡಿಗೆ ಕಂಪನಿಗೆ ಹೋಗಿ, ಅವರು ತಮ್ಮ ಸೇವಾಶುಲ್ಕ ಸೇರಿಸಿ ನಿಮ್ಮ ಕಾರ್ಡಿನಿಂದ ಹಿಡಿಯುತ್ತಾರೆ. ದಾಟುವ ಮೊದಲೇ ಅಥವಾ ದಾಟಿದ 48 ಗಂಟೆಯೊಳಗೆ ಟೋಲ್ ವಸೂಲಿ ವ್ಯವಸ್ಥೆಯಾದ ಫಾಸ್ಟ್ರ್ಯಾಕ್ ಜಾಲತಾಣದಲ್ಲಿ ಪ್ಲೇಟ್ ನಂಬರ್ ಕೊಟ್ಟು ನೀವೇ ಕಟ್ಟಿಬಿಡಿ. ಕಾರು ಪಡೆಯುವಾಗ ಅವರ ಟೋಲ್ ಯೋಜನೆಗೆ ನಿಮ್ಮನ್ನು ಸೇರಿಸಿದ್ದಾರೆಯೇ ಎಂದು ಕೇಳುವುದನ್ನು ಮರೆಯಬೇಡಿ. ಇಲ್ಲವಾದರೆ ಎರಡೆರಡು ಸಲ ಕಟ್ಟಿದಂತಾದೀತು.

ಸೇತುವೆ ದಾಟಿದ ಕೂಡಲೇ ಬಲಕ್ಕಿರುವ ವೀಕ್ಷಣಾ ತಾಣ ವಿಸ್ಟಾ ಪಾಯಿಂಟ್‌ಗೆ ಉತ್ತರಕ್ಕೆ ಹೋಗುವಾಗ ಮಾತ್ರ ಪ್ರವೇಶ. ಹೊರಬಿದ್ದರೂ ದಾರಿ ಉತ್ತರಕ್ಕೇ. ಮುಂದಿನ ಅಲೆಕ್ಸಾಂಡರ್ ಅವೆನ್ಯೂ ತಿರುವಿನಲ್ಲಿ ಇಳಿದು, ಹೆದ್ದಾರಿಯ ಅಡಿಯಿಂದ ದಾಟಿದರೆ ಬ್ಯಾಟರಿ ಸ್ಪೆನ್ಸರ್‌ಗೆ ಹತ್ತುವ ಕಾನ್ಜೆಲ್ಮನ್ ರಸ್ತೆ ಸಿಗುತ್ತದೆ. ಎಲ್ಲೇ ನಿಲ್ಲಿಸಿದರೂ ಕಾರಿನೊಳಗೆ ಚೀಲ ಬಿಡಬೇಡಿ, ಪಾಸ್‌ಪೋರ್ಟ್ ಅಂತೂ ಸರ್ವಥಾ ಬೇಡ. ಗಾಜು ಒಡೆದು ಕದಿಯುವುದು ಈ ತಾಣಗಳ ಹಳೆಯ ಕಾಟ. ಡ್ರೋನ್ ಹಾರಿಸುವಂತಿಲ್ಲ.

ಪ್ರಶ್ನೆ: ವಾರದ ದಿನ ಮಗ, ಸೊಸೆ ಆಫೀಸಿಗೆ ಹೋಗುತ್ತಾರೆ. ಕಾರಿಲ್ಲದೆ ನಾವಿಬ್ಬರೇ ಹೋಗಬಹುದೇ?
– ಧಾರವಾಡದ ಓದುಗರು

ಉತ್ತರ: ಆರಾಮವಾಗಿ. ಸನ್ನಿವೇಲ್ ಕಡೆಯಿಂದಾದರೆ ಉಪನಗರ ರೈಲು ಕ್ಯಾಲ್‌ಟ್ರೇನ್‌ನಲ್ಲಿ ಮಿಲ್‌ಬ್ರೇವರೆಗೆ, ಅಲ್ಲಿಂದ ಮೆಟ್ರೋ ರೈಲು ಬಾರ್ಟ್‌ನಲ್ಲಿ ಡೇಲಿ ಸಿಟಿಗೆ, ಅಲ್ಲಿಂದ 28ನೇ ನಂಬರಿನ ಬಸ್ಸು. ಸೇತುವೆಯ ಟೋಲ್ ಪ್ಲಾಜಾದಲ್ಲಿಯೇ ಇಳಿಸುತ್ತದೆ. ಮೂರಕ್ಕೂ ಒಂದೇ ಕ್ಲಿಪರ್ ಕಾರ್ಡ್ ನಡೆಯುತ್ತದೆ. ಹಿರಿಯರಿಗೆ ದರದಲ್ಲಿ ರಿಯಾಯಿತಿ ಇದೆ, ಆದರೆ ಅದಕ್ಕೆ ಬೇರೆ ಕಾರ್ಡ್ ಮಾಡಿಸಬೇಕು. ತಿಂಗಳುಗಟ್ಟಲೆ ಇರುವವರಾದರೆ ಅಲ್ಲಿಗೆ ತಲುಪಿದ ವಾರದಲ್ಲೇ ಮಾಡಿಸಿಕೊಳ್ಳಿ.

ಪ್ರಶ್ನೆ: ಹೆಸರು ಗೋಲ್ಡನ್, ಬಣ್ಣ ಕೆಂಪು. ಯಾಕೆ ಸ್ವಾಮಿ?
– ಮೈಸೂರಿನ ಓದುಗರು

ಉತ್ತರ: ಹೆಸರು ಸೇತುವೆಯದಲ್ಲ, ಕೆಳಗಿನ ಜಲಸಂಧಿಯದು. ಅಮೆರಿಕದ ಸೇನಾಧಿಕಾರಿ ಜಾನ್ ಫ್ರೀಮಾಂಟ್ ಅದಕ್ಕೆ ಆ ಹೆಸರಿಟ್ಟದ್ದು 1846ರಲ್ಲಿ; ಸೇತುವೆ ತೆರೆದದ್ದು 1937ರಲ್ಲಿ. ಬಣ್ಣದ ಹೆಸರು ಇಂಟರ್‌ನ್ಯಾಷನಲ್ ಆರೆಂಜ್. ತುಕ್ಕು ಹಿಡಿಯದಿರಲೆಂದು ಉಕ್ಕಿಗೆ ಬಳಿದಿದ್ದ ಕೆಂಪು ಪ್ರೈಮರ್ ವಾಸ್ತುಶಿಲ್ಪಿ ಇರ್ವಿಂಗ್ ಮಾರೋ ಕಣ್ಣಿಗೆ ಹಿತವಾಗಿ ಕಂಡು, ಅದೇ ಛಾಯೆಗೆ ಹಟ ಹಿಡಿದರು. ನೌಕಾಪಡೆಯವರು ಕೇಳಿದ್ದು ಕಪ್ಪು ಹಳದಿ ಪಟ್ಟೆ.