ಪದದ ಬೆನ್ನುಹತ್ತಿ: ‘ಆಮ್ನಿಶ್ಯಾಂಬಲ್ಸ್’

ಪ್ರಶ್ನೆ: ಬ್ರಿಟನ್ನಿನ ರಾಜಕೀಯ ಸುದ್ದಿಗಳಲ್ಲಿ ‘ಆಮ್ನಿಶ್ಯಾಂಬಲ್ಸ್’ ಎಂಬ ಮೂದಲಿಕೆ ಕಾಣುತ್ತದೆ. ಅದನ್ನು ಅಲ್ಲಿನ ರಾಜಕಾರಣಿ ಎಡ್ ಮಿಲಿಬ್ಯಾಂಡ್ ಹುಟ್ಟುಹಾಕಿದರಂತೆ, ನಿಜವೇ? ಅರ್ಥವೇನು?

ಉತ್ತರ: ಮಿಲಿಬ್ಯಾಂಡ್ ಅದನ್ನು ಊರಿಗೆಲ್ಲ ಹಬ್ಬಿಸಿದವರು, ಅಷ್ಟೇ. ಪದ ಹುಟ್ಟಿದ್ದು 2009ರಲ್ಲಿ, ಬಿಬಿಸಿಯ ವಿಡಂಬನಾ ಧಾರಾವಾಹಿ ‘ದ ಥಿಕ್ ಆಫ್ ಇಟ್’ನ ಬರಹಗಾರರ ಕೈಯಲ್ಲಿ. ಮಾಲ್ಕಮ್ ಟಕರ್ ಎಂಬ ಹೊಲಸು ಬಾಯಿಯ ಪಾತ್ರ ಹೊಸ ಸಚಿವೆಯೊಬ್ಬಳನ್ನು ಹೀಗೆ ಜರೆಯುತ್ತದೆ.

ಮೂರು ವರ್ಷ ತಣ್ಣಗಿದ್ದ ಪದಕ್ಕೆ ಜೀವ ಬಂದದ್ದು ಹಣಕಾಸು ಸಚಿವ ಜಾರ್ಜ್ ಆಸ್ಬಾರ್ನ್ 2012ರ ಮಾರ್ಚ್ 21ರಂದು ಮಂಡಿಸಿದ ಬಜೆಟ್ಟಿನಿಂದ. ಸುತ್ತಲಿನ ಗಾಳಿಗಿಂತ ಬಿಸಿಯಾಗಿ ಮಾರುವ ತಿನಿಸಿಗೆಲ್ಲ ಶೇ 20 ವ್ಯಾಟ್ ಎಂದರು. ಆಗ ‘ಪೇಸ್ಟಿ’ ಎಂಬ, ಒಳಗೆ ಹೂರಣ ತುಂಬಿ ಬೇಯಿಸಿದ ಒಂದೇ ತಿನಿಸಿಗೆ ಒಲೆಯಿಂದ ತೆಗೆದಾಗ ತೆರಿಗೆ, ಆರಿದ ಮೇಲೆ ಇಲ್ಲ! ಅಂಗಡಿಯವನು ಥರ್ಮಾಮೀಟರ್ ಹಿಡಿದು ನಿಲ್ಲಬೇಕೇ ಎಂಬ ಗೇಲಿ ಎದ್ದದ್ದು ಸಹಜ. ಜೊತೆಗೆ ವೃದ್ಧರ ತೆರಿಗೆ ವಿನಾಯಿತಿಯನ್ನು ಹೆಚ್ಚಿಸದೆ ನಿಲ್ಲಿಸಿದ್ದಕ್ಕೆ ‘ಅಜ್ಜಿ ತೆರಿಗೆ’ ಎಂಬ ಹೆಸರು ಬಿತ್ತು. ಅತಿ ಶ್ರೀಮಂತರ ಆದಾಯ ತೆರಿಗೆ ಮಾತ್ರ ಶೇ 50ರಿಂದ 45ಕ್ಕೆ ಇಳಿಯಿತು. ಸಿಟ್ಟು ಹೆಚ್ಚಲು ಅದೇ ಸಾಕಾಗಿತ್ತು. ಏಪ್ರಿಲ್ 18ರಂದು ವಿರೋಧ ಪಕ್ಷದ ನಾಯಕ ಮಿಲಿಬ್ಯಾಂಡ್ ಸಂಸತ್ತಿನಲ್ಲಿ ಇದನ್ನು ‘ಆಮ್ನಿಶ್ಯಾಂಬಲ್ಸ್ ಬಜೆಟ್’ ಎಂದು ಕರೆದರು. ಮೇ ಕೊನೆಗೆ ಸರ್ಕಾರ ಹಿಂದೆ ಸರಿಯಿತು: ಬಿಸಿಯಾಗಿ ಕಾಯ್ದಿಡದ ಪೇಸ್ಟಿಗೆ ತೆರಿಗೆ ತಪ್ಪಿತು, ನಿಂತಲ್ಲೇ ನಿಲ್ಲುವ ಕ್ಯಾರವಾನ್ ಎಂಬ ಗಾಡಿಮನೆಗಳ ಮೇಲೆ ಅದೇ ಬಜೆಟ್ ಹೇರಹೊರಟಿದ್ದ ಶೇ 20 ವ್ಯಾಟ್ ಶೇ 5ಕ್ಕೆ ಇಳಿಯಿತು. ಆ ವರ್ಷ ಆಕ್ಸ್‌ಫರ್ಡ್ ನಿಘಂಟಿನವರು ‘ಆಮ್ನಿಶ್ಯಾಂಬಲ್ಸ್’ ಅನ್ನು ಬ್ರಿಟನ್ನಿನ ‘ವರ್ಷದ ಪದ’ವಾಗಿ ಆರಿಸಿದರು.

‘ಆಮ್ನಿ’ ಲ್ಯಾಟಿನ್, ಅರ್ಥ ‘ಎಲ್ಲ’. ‘ಶ್ಯಾಂಬಲ್ಸ್’ನ ದಾರಿ ಉದ್ದ. ಮೂಲದಲ್ಲಿ ಅದು ಬರೀ ಮಣೆ. ಆಮೇಲೆ ಸರಕು ಹರಡುವ ಹಲಗೆ, ಮಾಂಸದಂಗಡಿ, ಕಸಾಯಿಖಾನೆ, ರಕ್ತಪಾತದ ಜಾಗ. ‘ಅಧ್ವಾನ’ ಎಂಬ ಇಂದಿನ ಅರ್ಥ ಇಪ್ಪತ್ತನೆಯ ಶತಮಾನದ್ದು. ಯಾರ್ಕ್ ನಗರದ ‘ದ ಶ್ಯಾಂಬಲ್ಸ್’ ಬೀದಿಯಲ್ಲಿ ಹಳೆಯ ಕಟುಕರ ಅಂಗಡಿಗಳ ಕುರುಹು ಈಗಲೂ ಇದೆ. ‘ಆಮ್ನಿ’, ‘ಶ್ಯಾಂಬಲ್ಸ್’ ಎರಡೂ ಸೇರಿದರೆ ‘ಎಲ್ಲೆಲ್ಲೂ ಎಡವಟ್ಟು’. ಒಂದು ತಪ್ಪಿಗೆ ಈ ಪದ ಹೊಂದುವುದಿಲ್ಲ. ಹಿಡಿದ ಕೆಲಸವೆಲ್ಲ ಕೆಡಬೇಕು.

‘ಶ್ಯಾಂಬಲ್ಸ್’ ಎಂಬ ಬಾಲಕ್ಕೆ ಬೇರೆ ತಲೆಯನ್ನೂ ಅಂಟಿಸುತ್ತಾರೆ. 2012ರ ಜುಲೈನಲ್ಲಿ ಲಂಡನ್ ಒಲಿಂಪಿಕ್ಸ್ ಸಿದ್ಧತೆಯ ಬಗ್ಗೆ ಕೊಂಕು ನುಡಿದ ಅಮೆರಿಕದ ಅಧ್ಯಕ್ಷೀಯ ಅಭ್ಯರ್ಥಿ ಮಿಟ್ ರಾಮ್ನಿಗೆ ‘ರಾಮ್ನಿಶ್ಯಾಂಬಲ್ಸ್’ ಸಿಕ್ಕಿತು. ಬರೆಯುವವರು ಕೊನೆಯ ‘ಸ್’ ಬಿಡಬೇಡಿ. ಅದರಿಂದ ಇಂಗ್ಲಿಷಿನ ಬಹುವಚನದಂತೆ ಕಂಡರೂ ಪದ ಏಕವಚನವೇ.