ಓದುಗರ ಪ್ರಶ್ನೆ: ಕ್ಯಾಂಪಸ್ಸಿನಲ್ಲೊಂದು ವಿಡಂಬನೆ ಪತ್ರಿಕೆ

ಪ್ರಶ್ನೆ: ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಓದುತ್ತಿರುವ ನಾವು ಐವರು ಕನ್ನಡದಲ್ಲಿ ವಿಡಂಬನೆಯ ಪತ್ರಿಕೆ ತರಬೇಕೆಂದಿದ್ದೇವೆ. ಎಷ್ಟು ಪುಟ ಇರಲಿ? ಯಾರನ್ನು ಗೇಲಿ ಮಾಡಬಹುದು? ಅನುಮತಿ ಬೇಕೆ?
– ಓದುಗರು, ಕೊಣಾಜೆ

ಉತ್ತರ: ಗೇಲಿಯ ಪ್ರಶ್ನೆಯೇ ದೊಡ್ಡದು, ಅಲ್ಲಿಂದಲೇ ಶುರು ಮಾಡೋಣ. ವ್ಯಕ್ತಿಯನ್ನು ಬಿಡಿ, ತೀರ್ಮಾನವನ್ನು ಹಿಡಿಯಿರಿ. ಮರುಮೌಲ್ಯಮಾಪನದ ಫಲಿತಾಂಶ ಬರುವ ಹೊತ್ತಿಗೆ ಮುಂದಿನ ಸೆಮಿಸ್ಟರೇ ಮುಗಿದಿದ್ದರೆ ಅದು ವಸ್ತು. ಗುಮಾಸ್ತರ ಉಗ್ಗು ವಸ್ತುವಲ್ಲ. ಯಕ್ಷಗಾನದ ಹಾಸ್ಯಗಾರ ದೂತನಾಗಿ ಬಂದು ಅರಸನನ್ನೇ ಮಾತಿಗೆಳೆಯುತ್ತಾನೆ, ನೀವೂ ಮೇಲೆ ಕೂತವರ ಕಡೆಗೇ ಮುಖ ಮಾಡಿ. ಹೆಸರು ಹಾಕದಿದ್ದರೂ ‘ಇವರೇ’ ಎಂದು ಗೊತ್ತಾಗುವಂತಿದ್ದರೆ ಮಾನನಷ್ಟದ ದೂರು ಬರಬಹುದು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿ 2 ವರ್ಷದವರೆಗಿನ ಸಜೆಗೆ ಅವಕಾಶವಿದೆ. ಅಡಿಯಲ್ಲಿ ‘ಇದು ಹಾಸ್ಯ’ ಎಂದು ಬರೆದ ಮಾತ್ರಕ್ಕೆ ರಕ್ಷಣೆ ಸಿಗದು.

ಹೊಸಬರು ಎಡವುವುದು ನಗೆಗೆಂದು ಬರೆಯುವ ಸುಳ್ಳು ಸುತ್ತೋಲೆಯಲ್ಲಿ. ಅದೊಂದನ್ನೇ ಯಾರೋ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಸಂಜೆಯೊಳಗೆ ಹಾಸ್ಟೆಲ್ಲಿಡೀ ನಂಬಿರುತ್ತದೆ. ಹಾಗಾಗಿ ಪತ್ರಿಕೆಯ ಹೆಸರು ಪುಟದ ಅಂಚಿನಲ್ಲಿ ಬೇಡ, ಸುತ್ತೋಲೆಯ ಸಾಲುಗಳ ನಡುವೆಯೇ ಬರಲಿ. ಅಂಚಾದರೆ ಕತ್ತರಿಸಿ ಹೋಗುತ್ತದೆ. ತಾರೀಕು ಫೆಬ್ರವರಿ 30 ಇರಲಿ. ವಿಶ್ವವಿದ್ಯಾನಿಲಯದ ಲಾಂಛನ, ಮೊಹರು, ಸಹಿ ಬೇಡವೇ ಬೇಡ. ಪರೀಕ್ಷೆಯ ದಿನಾಂಕ, ಶುಲ್ಕ, ಮಳೆ ರಜೆಯ ಆದೇಶ – ಇವುಗಳ ಅಣಕಕ್ಕೆ ಕೈಹಾಕಬೇಡಿ. ನಂಬಿದವರು ಪರೀಕ್ಷೆಯನ್ನೇ ತಪ್ಪಿಸಿಕೊಂಡಾರು.

16 ಪುಟ ಸಾಕು. ಎ4 ಹಾಳೆಯನ್ನು ನಡುವೆ ಮಡಚಿದರೆ 4 ಪುಟ, ಅಂದರೆ ಪ್ರತಿಯೊಂದಕ್ಕೆ 4 ಹಾಳೆ. 100 ಪ್ರತಿಗೆ 400. 500 ಹಾಳೆಯ ಒಂದು ರೀಮಿನಲ್ಲಿ ಕೆಟ್ಟದ್ದೂ ಕಳೆದು ಮುಗಿಯುತ್ತದೆ. ಸಾಮಾನ್ಯ ಸ್ಟೇಪ್ಲರ್ ಹಾಳೆಯ ನಡುವಿಗೆ ಎಟಕದು, ಉದ್ದ ಕೈಯದ್ದು ಇರುವ ಜೆರಾಕ್ಸ್ ಅಂಗಡಿ ಹುಡುಕಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಿಚ್ಚಿಟ್ಟ ರೀಮು ತೇವ ಎಳೆದು ಮುದುರಿ ಯಂತ್ರದೊಳಗೆ ಸಿಕ್ಕಿಕೊಳ್ಳುತ್ತದೆ. ಅಚ್ಚಿನ ಹೊತ್ತಿಗೇ ಬಿಚ್ಚಿ. ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚಿಸಿದ್ದನ್ನು ಯೂನಿಕೋಡ್‌ಗೆ ಬದಲಿಸಿದರೆ ಒತ್ತಕ್ಷರ, ಅರ್ಕಾವೊತ್ತು ಕೆಡಬಹುದು, ಬದಲಿಸಿದ ಮೇಲೆ ಇನ್ನೊಮ್ಮೆ ಕರಡು ತಿದ್ದಿ. ಅಂಗಡಿಗೆ ಪಿಡಿಎಫ್ ಮಾತ್ರ ಕೊಡಿ.

ಅನುಮತಿಗೆ ವಿಭಾಗದ ಮುಖ್ಯಸ್ಥರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಾರ್ವಜನಿಕ ಸುದ್ದಿ, ಟಿಪ್ಪಣಿಗಳನ್ನು ನಿಯತವಾಗಿ ಅಚ್ಚು ಹಾಕಿ ಪ್ರಕಟಿಸುವುದಾದರೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಹೊಸ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆಯಡಿ ನೋಂದಣಿಯ ವಿಷಯ ಬರುತ್ತದೆ, ಅರ್ಜಿ ಆನ್‌ಲೈನ್‌ನಲ್ಲೇ.

ಕೊನೆಗೊಂದು ಒತ್ತಾಯ. ಎರಡನೆಯ ಸಂಚಿಕೆಯ 10 ಪುಟ ಕೈಯಲ್ಲಿಲ್ಲದೆ ಮೊದಲನೆಯದನ್ನು ಅಚ್ಚಿಗೆ ಕೊಡಬೇಡಿ. ಇದ್ದಬದ್ದ ನಗೆಯೆಲ್ಲ ಮೊದಲ ಸಂಚಿಕೆಗೇ ಖರ್ಚಾಗಿ, ಸೆಮಿಸ್ಟರ್ ಪರೀಕ್ಷೆ ಬಂತೆಂದರೆ ಪತ್ರಿಕೆ ಅಲ್ಲಿಗೇ ನಿಲ್ಲುತ್ತದೆ. ಐವರಲ್ಲಿ ಇಬ್ಬರಾದರೂ ಮೊದಲ ವರ್ಷದವರಿರಲಿ.