ಟ್ಯಾಂಕ್ ಮುಚ್ಚಳ ತೆಗೆದರೆ ಬುಸ್ ಅನ್ನುತ್ತೆ!

ಪ್ರಶ್ನೆ: ನನ್ನದು 2008ರ ಪೆಟ್ರೋಲ್ ಎಸ್‌ಯುವಿ. ಬಂಕ್‌ನಲ್ಲಿ ಮುಚ್ಚಳ ತೆಗೆದರೆ ಬುಸ್ ಅನ್ನುತ್ತೆ. ಫುಲ್ ಟ್ಯಾಂಕ್ ಹಾಕಿಸಿದ ಮೇಲೆ ಸ್ಟಾರ್ಟ್ ಆಗಲು ಒದ್ದಾಡುತ್ತೆ, ಪೆಟ್ರೋಲ್ ವಾಸನೆ ಬೇರೆ. ಟ್ಯಾಂಕ್ ಬದಲಿಸಬೇಕಾ?
– ಓದುಗರು, ಬಳ್ಳಾರಿ

ಉತ್ತರ: ಈಗಲೇ ಬೇಡ, ಸುಮ್ನೆ ದುಡ್ಡು ದಂಡ. ನಿಮ್ಮೂರಿನ ಬಿಸಿಲಿಗೆ ಪೆಟ್ರೋಲ್ ಆವಿಯಾಗಿ ಸ್ವಲ್ಪ ಒತ್ತಡ ಕಟ್ಟುವುದು ಸಹಜ. ಆ ಆವಿ ಇದ್ದಿಲು ತುಂಬಿದ ಡಬ್ಬಿಯಲ್ಲಿ, ಅಂದರೆ ಕ್ಯಾನಿಸ್ಟರ್‌ನಲ್ಲಿ, ಹೋಗಿ ಕೂರುತ್ತೆ, ಗಾಡಿ ಓಡುವಾಗ ಎಂಜಿನ್‌ಗೆ ಹೋಗುವ ದಾರಿಯ ಪರ್ಜ್ ವಾಲ್ವ್ ತೆರೆದುಕೊಂಡು ಎಂಜಿನ್ ಅದನ್ನು ಎಳೆದು ಸುಡುತ್ತೆ. ಮುಚ್ಚಳ ತೆಗೆದಾಗ ಗಾಳಿ ಒಳಗೆ ನುಗ್ಗುತ್ತಾ, ಹೊರಗೆ ಬರುತ್ತಾ ಗಮನಿಸಿ. ಒಳಗೆ ನುಗ್ಗಿದರೆ ಕ್ಯಾನಿಸ್ಟರ್‌ನ ಗಾಳಿದಾರಿ ಧೂಳಿನಿಂದ ಕಟ್ಟಿರಬಹುದು, ಹಳೇ ಗಾಡಿಗಳಲ್ಲಿ ಇದು ಮಾಮೂಲು.

ಸ್ಟಾರ್ಟಿಂಗ್ ತೊಂದರೆಗೆ ನನ್ನ ಅನುಮಾನ ಪರ್ಜ್ ವಾಲ್ವ್ ಮೇಲೇ. ವಾಲ್ವ್‌ಗೆ ಕರೆಂಟ್ ಹೋಗದಿದ್ದಾಗ ಅದು ಮುಚ್ಚಿರಬೇಕು, ಇಲ್ಲದಿದ್ದರೆ ಪೆಟ್ರೋಲ್ ಆವಿ ಬೇಡದ ಹೊತ್ತಲ್ಲೂ ಎಂಜಿನ್‌ಗೆ ನುಗ್ಗುತ್ತೆ. ಆಗಲೂ ಅದರೊಳಗಿಂದ ಗಾಳಿ ದಾಟುತ್ತಿದ್ದರೆ ವಾಲ್ವ್ ಬದಲಿಸಿ. ಆದರೆ ವಾಸನೆಯನ್ನು ಮಾತ್ರ ಮುಂದೂಡಬೇಡಿ: ಟ್ಯಾಂಕ್ ಮೇಲಿನ ರಬ್ಬರ್ ಪೈಪ್ ಬಿರುಕು ಬಿಟ್ಟಿದೆಯಾ, ಮುಚ್ಚಳದ ವಾಷರ್ ಗಟ್ಟಿಯಾಗಿದೆಯಾ ಇವತ್ತೇ ನೋಡಿಸಿ, ಅಲ್ಲಿಯವರೆಗೆ ಗಾಡಿಯನ್ನು ಮುಚ್ಚಿದ ಶೆಡ್‌ನಲ್ಲಿ ನಿಲ್ಲಿಸಬೇಡಿ. ಹಾಂ, ಬಂಕ್‌ನಲ್ಲಿ ಆಟೊಕಟ್ ಆದ (ಟ್ಯಾಂಕ್ ತುಂಬಿ ಪೆಟ್ರೋಲ್ ತಾನಾಗಿ ನಿಂತ) ಮೇಲೂ ‘ರೌಂಡ್ ಫಿಗರ್’ ಮಾಡಿಸುತ್ತೀರಾ? ಹಾಗೆ ತುರುಕಿದ ಪೆಟ್ರೋಲ್ ಕ್ಯಾನಿಸ್ಟರ್‌ಗೇ ನುಗ್ಗಿ ಇದ್ದಿಲನ್ನು ಹಾಳು ಮಾಡುತ್ತೆ.